ಮುಂಗಡ ಕೊಡುವ ಮೊದಲೇ ಹೇಳಿ, ಈ ಮನೆಗೆ ಸಾಲ ಸಿಗುತ್ತಾ ಇಲ್ವಾ ಅಂತ

ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ, ಕಂದಾಯ ಸಚಿವರಿಗೆ, ಹಾಗೂ ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿಯವರಿಗೆ,

ನಮಸ್ಕಾರ.

ಸಣ್ಣ ಊರುಗಳಲ್ಲಿ ಮಾರಾಟಕ್ಕಿರುವ ಮನೆಗಳಿಗೆ ಬರವಿಲ್ಲ. ಬ್ಯಾಂಕು ಸಾಲ ಕೊಡುವಂಥ ಮನೆಗೆ ಬರ. ಯಾವ ಮನೆಗೆ ಸಾಲ ಸಿಗುತ್ತೆ, ಯಾವುದಕ್ಕೆ ಸಿಗಲ್ಲ ಅಂತ ಮೊದಲೇ ತಿಳಿದುಕೊಳ್ಳುವ ದಾರಿ ಜನರಿಗಿಲ್ಲ. ಮುಂಗಡ ಕೊಟ್ಟು, ವಕೀಲರ ಫೀಸು ಕಟ್ಟಿ, ವಾರಗಟ್ಟಲೆ ಕಾದ ಮೇಲೆ ಗೊತ್ತಾಗುತ್ತದೆ. ಹೀಗೆ ತಡವಾಗಿ ಗೊತ್ತಾಗುವ ಮಾಹಿತಿ ಇದೆಯಲ್ಲ, ಅದರಲ್ಲಿ ಬಹುಪಾಲು ನಿಮ್ಮ ಇಲಾಖೆಗಳ ಕಂಪ್ಯೂಟರಿನಲ್ಲಿ ಈಗಾಗಲೇ ಇದೆ. ಅದನ್ನು ಒಂದೇ ಕಡೆ, ಮನೆ ನೋಡೋಕೆ ಹೋದವರ ಕೈಗೆ ಸಿಗುವ ಹಾಗೆ ಇಡಿ ಅಂತ ಕೇಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ತುಮಕೂರು ಜಿಲ್ಲೆಯ ತಿಪಟೂರು ಕಡೆಯವಳು. ಒಂದು ಹೋಬಳಿ ಕೇಂದ್ರದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನಮ್ಮ ಯಜಮಾನರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಇಬ್ಬರ ವರ್ಷದ ಆದಾಯ ಸೇರಿಸಿದರೂ ಒಂಬತ್ತು ಲಕ್ಷದೊಳಗೆ. ಸಂಬಳ ಬ್ಯಾಂಕಿಗೇ ಬರುತ್ತದೆ, ಹಳೆಯ ಸಾಲ ಬಾಕಿ ಇಲ್ಲ, ಸಿಬಿಲ್ ಚೆನ್ನಾಗಿದೆ. ಬ್ಯಾಂಕಿನವರು ನಮ್ಮನ್ನು ನೋಡಿ ಬೇಡ ಅಂದಿದ್ದೇ ಇಲ್ಲ. ಕೂರಿಸಿ, ನೀರು ಕೊಟ್ಟು, "ನಿಮಗೆ ಸಾಲ ಕೊಡೋದಕ್ಕೇನೂ ತೊಂದರೆ ಇಲ್ಲ ಮೇಡಂ, ಪ್ರಾಪರ್ಟಿ ಪೇಪರ್ ತನ್ನಿ" ಅಂತಾರೆ. ತೊಂದರೆ ಶುರುವಾಗುವುದೇ ಆ ಪೇಪರಿನಿಂದ.

ನಮ್ಮ ಊರಿನಂಥ ಊರುಗಳಲ್ಲಿ ಮನೆ ಮಾರುವವರು ಯಾರು ಅಂತ ನಿಮಗೆ ಗೊತ್ತಿರುತ್ತದೆ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಅಪ್ಪ ಅಮ್ಮ ತೀರಿಕೊಂಡಿದ್ದಾರೆ, ಮನೆಗೆ ಬೀಗ ಬಿದ್ದಿದೆ. ಅಥವಾ ಅಣ್ಣತಮ್ಮಂದಿರು ಭಾಗವಾಗಿ ಒಬ್ಬರಿಗೆ ದುಡ್ಡು ಬೇಕಾಗಿದೆ. ಒಳ್ಳೊಳ್ಳೆ ಮನೆಗಳೇ. ನಾವು ನೋಡಿದ ಒಂದು ಮನೆ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯದು. ಆರ್‌ಸಿಸಿ ಮನೆ, ಎರಡು ರೂಮು, ಮುಂದೆ ಸಂಪು, ಹಿತ್ತಲಲ್ಲಿ ಎರಡು ತೆಂಗಿನ ಮರ. ಶಾಲೆಗೆ ನಡೆದೇ ಹೋಗಬಹುದು. ಮಾಲೀಕರು ಪ್ಲಾಸ್ಟಿಕ್ ಕವರಿನಿಂದ ಕಾಗದಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ನೋಂದಣಿಯಾದ ಕ್ರಯಪತ್ರ, ಪಂಚಾಯಿತಿ ಖಾತೆ ನಕಲು, ವರ್ಷ ವರ್ಷ ಕಟ್ಟಿದ ಕಂದಾಯದ ರಸೀದಿಗಳು, ಬೆಸ್ಕಾಂ ಬಿಲ್ಲು, ನಲ್ಲಿ ನೀರಿನ ರಸೀದಿ. ನೋಡಿದವರಿಗೆ ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತದೆ, ಅಲ್ವಾ? ಮುಂಗಡ ಕೊಟ್ಟೆವು. ಬ್ಯಾಂಕಿನ ಪ್ಯಾನಲ್ ವಕೀಲರು ನೋಡಿ ಕೊಟ್ಟ ಅಭಿಪ್ರಾಯ ಒಂದೂವರೆ ಪುಟ. ತಿರುಳು ಇಷ್ಟು: ಈ ಜಾಗ ಗ್ರಾಮಠಾಣದ ಹೊರಗಿದೆ, ಪಹಣಿಯಲ್ಲಿ ಇನ್ನೂ ಜಮೀನು ಅಂತಲೇ ಇದೆ, ಭೂ ಪರಿವರ್ತನೆ (ಜಮೀನನ್ನು ಮನೆ ಜಾಗವಾಗಿ ಬದಲಿಸುವುದು) ಆಗಿಲ್ಲ, ನಮೂನೆ 9 ಇಲ್ಲ, ಇರುವುದು 11ಬಿ ಮಾತ್ರ, ಆದ್ದರಿಂದ ಅಡಮಾನಕ್ಕೆ ಯೋಗ್ಯವಲ್ಲ.

ಮಾಲೀಕರು ಒಂದಷ್ಟು ಹಿಡಿದುಕೊಂಡು ಉಳಿದ ಮುಂಗಡ ವಾಪಸ್ ಕೊಟ್ಟರು. ಅವರನ್ನೂ ನಾನು ಬೈಯಲ್ಲ. ಅವರು ಇಪ್ಪತ್ತು ವರ್ಷ ಅದೇ ಮನೆಯಲ್ಲಿ ಬಾಳಿದವರು. ತಮ್ಮ ಮನೆ ಕಾನೂನಿನ ಲೆಕ್ಕದಲ್ಲಿ ಇನ್ನೂ ರಾಗಿ ಹೊಲ ಅಂತ ಅವರಿಗೂ ಯಾರೂ ಹೇಳಿರಲಿಲ್ಲ.

ಈ ಕಥೆ ನಮ್ಮೊಬ್ಬರದಲ್ಲ ಅನ್ನುವ ಕಾರಣಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲಾಖೆಯವರಿಗೆ ಇದೆಲ್ಲ ಗೊತ್ತಿರುವುದೇ. ಆದರೆ ಈ ಪತ್ರವನ್ನು ಮನೆ ಹುಡುಕುತ್ತಿರುವವರೂ ಓದುತ್ತಾರೆ.

ಹಳ್ಳಿಯ ನಕ್ಷೆಯಲ್ಲಿ ಮನೆಗಳಿರುವ ನಡುಭಾಗವನ್ನು ಗ್ರಾಮಠಾಣ ಅಂತ ಗುರುತಿಸಿರುತ್ತಾರೆ. ಅದರ ಸುತ್ತ ಇರುವುದು ಸರ್ವೆ ನಂಬರಿನ ಜಮೀನು. ಆ ಗೆರೆ ಎಳೆದ ಕಾಲಕ್ಕೆ ಊರು ಪುಟ್ಟದು. ಆಮೇಲೆ ಊರು ಬೆಳೆಯಿತು. ಹೈಸ್ಕೂಲು ಬಂತು, ಬ್ಯಾಂಕು ಬಂತು, ರಸ್ತೆ ಅಗಲವಾಯಿತು. ಗೆರೆ ಮಾತ್ರ ಅಲ್ಲೇ ಉಳಿಯಿತು. ರಸ್ತೆ ಪಕ್ಕದ ಜಮೀನಿನವರು ಗುಂಟೆ ಲೆಕ್ಕದಲ್ಲಿ, ಮೂವತ್ತು ನಲವತ್ತರ ಸೈಟು ಮಾಡಿ ಮಾರಿದರು. ಪರಿವರ್ತನೆ ಮಾಡಿಸಬೇಕು, ಲೇಔಟಿಗೆ ಮಂಜೂರಾತಿ ಪಡೆಯಬೇಕು ಅಂತ ಆಗ ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. ಪಂಚಾಯಿತಿಯವರು ಡಿಮ್ಯಾಂಡ್ ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡರು, ಖಾತೆ ಕೊಟ್ಟರು, ಕಂದಾಯ ಕಟ್ಟಿಸಿಕೊಂಡರು. ಜನರ ಪಾಲಿಗೆ ಅದೇ ಹಕ್ಕಿನ ದಾಖಲೆ ಆಯಿತು.

2013ರಲ್ಲಿ ಇ-ಸ್ವತ್ತು ಬಂತು, ಅಂದರೆ ಪಂಚಾಯಿತಿ ಖಾತೆಗಳನ್ನು ಕಂಪ್ಯೂಟರಿನಲ್ಲಿ ಕೊಡುವ ವ್ಯವಸ್ಥೆ. ಅದು ಬಂದದ್ದು ಒಳ್ಳೆಯದೇ, ನಾನು ಅದರ ವಿರುದ್ಧ ಇಲ್ಲ. ಕೈಬರಹದ ಖಾತೆಗಳಲ್ಲಿ ಎಷ್ಟು ಮೋಸ ನಡೆಯುತ್ತಿತ್ತು ಅಂತ ಹಳ್ಳಿಯಲ್ಲಿ ಇದ್ದವರಿಗೆ ಗೊತ್ತು. ಆದರೆ ಅಲ್ಲಿಂದ ಮನೆಗಳಲ್ಲಿ ಎರಡು ಜಾತಿ ಆದವು. ಗ್ರಾಮಠಾಣದ ಒಳಗಿನವು, ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಪರಿವರ್ತನೆಯಾಗಿ ಮಂಜೂರಾದ ಲೇಔಟಿನವು, ಸರ್ಕಾರಿ ವಸತಿ ಯೋಜನೆಯಲ್ಲಿ ಹಂಚಿದವು, ಇವುಗಳಿಗೆ ನಮೂನೆ 9 ಮತ್ತು 11ಎ ಅನ್ನುವ ಖಾತೆ ಕಾಗದ. ಮಿಕ್ಕವಕ್ಕೆ 11ಬಿ. ಬ್ಯಾಂಕಿನವರು ಕೇಳುವುದು ಮೊದಲನೆಯದನ್ನು. 11ಬಿ ಮನೆಗೆ ಕರೆಂಟ್ ಇದೆ, ನೀರಿದೆ, ತೆರಿಗೆ ಇದೆ, ಎಷ್ಟೋ ಕಡೆ ನೋಂದಣಿಯೂ ಆಗಿದೆ. ಸಾಲ ಮಾತ್ರ ಇಲ್ಲ.

ಪೇಟೆ ಕಡೆಯೂ ಇದೇ ಪಾಡು. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಅನಧಿಕೃತ ಬಡಾವಣೆಯ ಸ್ವತ್ತುಗಳಿಗೆ 2025ರ ಫೆಬ್ರುವರಿಯಿಂದ ಅಭಿಯಾನ ಮಾಡಿ ಬಿ-ಖಾತಾ ಕೊಟ್ಟಿರಿ, 2024ರ ಸೆಪ್ಟೆಂಬರ್ 10ಕ್ಕೆ ಮೊದಲು ನೋಂದಣಿಯಾದವಕ್ಕೆ. ನಮ್ಮ ಪಕ್ಕದ ಪಟ್ಟಣದಲ್ಲಿ ಜನ ಬೆಳಗ್ಗೆಯೇ ಹೋಗಿ ಸಾಲಿನಲ್ಲಿ ನಿಂತರು. ಖಾತೆ ಸಿಕ್ಕಿತು ಅಂತ ಖುಷಿಪಟ್ಟರು. ಅದನ್ನು ಹಿಡಿದು ಬ್ಯಾಂಕಿಗೆ ಹೋದವರಿಗೆ ಸಿಕ್ಕ ಉತ್ತರ, "ಎ ಖಾತಾ ಇದ್ರೆ ನೋಡೋಣ." ಖಾತೆ ಕೊಡುವಾಗಲೇ ಆ ಕಾಗದದ ಮೇಲೆ, ಇದು ತೆರಿಗೆಗೆ ಮಾತ್ರ, ಸಾಲಕ್ಕೆ ಬ್ಯಾಂಕು ಒಪ್ಪದಿರಬಹುದು ಅಂತ ಒಂದು ಸಾಲು ದೊಡ್ಡಕ್ಷರದಲ್ಲಿ ಹಾಕಿದ್ದರೆ ಎಷ್ಟು ಜನರ ಮುಂಗಡ ಉಳಿಯುತ್ತಿತ್ತು.

ಇನ್ನು ಗ್ರಾಮಠಾಣದ ಒಳಗಿನ ಮನೆ ಆದರೆ ಎಲ್ಲ ಸಲೀಸು ಅಂತಲೂ ಇಲ್ಲ. ನಾವು ನೋಡಿದ ಇನ್ನೊಂದು ಮನೆ ಹಳೆಯ ಹಂಚಿನ ಮನೆ, ಊರ ನಡುವೆ, ದೇವಸ್ಥಾನದ ಬೀದಿ. ನಮೂನೆ 9 ಇದೆ, ಮನೆಯ ಫೋಟೊ ಸಮೇತ. ಆದರೆ ಕ್ರಯಪತ್ರದಲ್ಲಿ ಪೂರ್ವ ಪಶ್ಚಿಮ ಅರವತ್ತು ಅಡಿ ಅಂತ ಬರೆದಿದೆ. ನಮೂನೆ 9ರಲ್ಲಿ ಮೀಟರಿನಲ್ಲಿ ಇರುವುದನ್ನು ಅಡಿಗೆ ಪರಿವರ್ತಿಸಿದರೆ ಐವತ್ತೆರಡು ಬರುತ್ತದೆ. ರಸ್ತೆ ಅಗಲ ಮಾಡುವಾಗ ಮುಂದಿನ ಜಗುಲಿ ಹೋಗಿತ್ತು. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಯಾವುದೋ ಕಾಲದಲ್ಲಿ ತೀರಿಹೋದವರ ಮನೆ ಅಂತ ಇದೆ, ಈಗ ಅಲ್ಲಿರುವುದು ಓಣಿ. ವಕೀಲರು ತಿದ್ದುಪಡಿ ಪತ್ರ ಮಾಡಿಸಿ ಅಂದರು. ತಿದ್ದುಪಡಿಗೆ ಹಳೆಯ ಮಾಲೀಕರು ಸಹಿ ಹಾಕಬೇಕು. ಅವರಿಲ್ಲ. ಅವರ ಮಕ್ಕಳು ಐದು ಜನ, ಅದರಲ್ಲಿ ಒಬ್ಬರು ಮುಂಬೈಯಲ್ಲಿ. ವಂಶವೃಕ್ಷ ಬೇಕು, ಎಲ್ಲರ ಒಪ್ಪಿಗೆ ಬೇಕು, ನಾಡಕಚೇರಿಯಲ್ಲಿ ಅರ್ಜಿ ಹಾಕಿ ಸರ್ವೆಯರ್ ಬಂದು ಅಳತೆ ಮಾಡಿ ನಕ್ಷೆ ಕೊಡಬೇಕು. ಮಾರುವವರು ಕೈಚೆಲ್ಲಿದರು. ಅವರೇನೂ ಸುಳ್ಳು ಹೇಳಿದವರಲ್ಲ. ಎಂಟು ಅಡಿ ಕಡಿಮೆಯಾದದ್ದು ಸರ್ಕಾರದ ರಸ್ತೆಗೆ, ಅದನ್ನು ಸರಿಮಾಡುವ ಓಡಾಟ ಮಾತ್ರ ಅವರ ತಲೆಗೆ.

ಇದೇ ಊರಿನಲ್ಲಿ ಆಶ್ರಯ ಮನೆಗಳು, ಬಸವ ವಸತಿ ಮನೆಗಳೂ ಮಾರಾಟಕ್ಕೆ ಬರುತ್ತವೆ. ಹಕ್ಕುಪತ್ರದಲ್ಲಿ ಮಾರಾಟಕ್ಕೆ ಹಾಕಿರುವ ಷರತ್ತು ಓದದೆ ಛಾಪಾ ಕಾಗದದ ಮೇಲೆ ಬರೆಸಿಕೊಂಡು ಸಂಸಾರ ಹೂಡಿದವರಿದ್ದಾರೆ. ಅದರ ಗೋಳು ಇನ್ನೊಂದು ಪತ್ರಕ್ಕಾಗುವಷ್ಟಿದೆ.

ಈಗ ಗಡಿಯ ವಿಷಯಕ್ಕೆ ಬರುತ್ತೇನೆ. ಸಣ್ಣ ಪಟ್ಟಣದ ಸುತ್ತ ಮನೆ ಹುಡುಕುವವರಿಗೆ ಇದು ದೊಡ್ಡ ಗೊಂದಲ.

ಪ್ರಧಾನ ಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಎರಡನೇ ಹಂತ 2024ರ ಸೆಪ್ಟೆಂಬರ್ 1ರಿಂದ ಶುರುವಾಯಿತು. ಅದರಲ್ಲಿ ವರ್ಷಕ್ಕೆ ಒಂಬತ್ತು ಲಕ್ಷದವರೆಗೆ ಆದಾಯ ಇರುವ, ಎಲ್ಲೂ ಸ್ವಂತ ಪಕ್ಕಾ ಮನೆ ಇಲ್ಲದ ಕುಟುಂಬಕ್ಕೆ ಬಡ್ಡಿ ಸಹಾಯಧನ ಇದೆ. ಮನೆಯ ಬೆಲೆ 35 ಲಕ್ಷದೊಳಗೆ ಇರಬೇಕು, ಸಾಲ 25 ಲಕ್ಷದೊಳಗೆ ಇರಬೇಕು. ಸಾಲದ ಮೊದಲ 8 ಲಕ್ಷಕ್ಕೆ ಶೇಕಡ 4ರ ಸಹಾಯಧನ, ಒಟ್ಟು 1.80 ಲಕ್ಷದವರೆಗೆ, ಐದು ವರ್ಷದ ಕಂತಿನಲ್ಲಿ. ನಮ್ಮಂಥವರಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಮನೆ ಪಟ್ಟಣದ ವ್ಯಾಪ್ತಿಯಲ್ಲಿರಬೇಕು, ಅಥವಾ ಪಟ್ಟಣದ ಬೆಳವಣಿಗೆಗೆ ಗುರುತಿಸಿ ಯೋಜನಾ ಪ್ರದೇಶ ಅಂತ ಅಧಿಸೂಚನೆಯಾದ ಜಾಗದಲ್ಲಿರಬೇಕು. ಗ್ರಾಮೀಣ ವಿಭಾಗದ ಯೋಜನೆ ಬೇರೆಯೇ. ಅದು ಸೂರಿಲ್ಲದವರಿಗೆ, ಕಚ್ಚಾ ಮನೆಯವರಿಗೆ ಹೊಸದಾಗಿ ಮನೆ ಕಟ್ಟಿಕೊಳ್ಳಲು ಬಯಲು ಸೀಮೆಯಲ್ಲಿ 1.20 ಲಕ್ಷ ಕೊಡುತ್ತದೆ, ಬೇಕಿದ್ದರೆ 70 ಸಾವಿರದವರೆಗೆ ಬ್ಯಾಂಕ್ ಸಾಲಕ್ಕೂ ದಾರಿ ಮಾಡುತ್ತದೆ. ಅದು ಬಡವರಿಗೆ ಸಲ್ಲಬೇಕಾದದ್ದು, ಅವರಿಗೇ ಸಲ್ಲಲಿ. ಆದರೆ ಹಳ್ಳಿ ಕಡೆ ಕಟ್ಟಿದ ಮನೆ ಕೊಳ್ಳಲು ಹೊರಟ ಅಂಗನವಾಡಿ ಕಾರ್ಯಕರ್ತೆಗೆ, ಕೆಎಸ್‌ಆರ್‌ಟಿಸಿ ಕಂಡಕ್ಟರಿಗೆ, ಹಾಲಿನ ಡೇರಿ ಕಾರ್ಯದರ್ಶಿಗೆ ಅದರಲ್ಲಿ ಜಾಗ ಇಲ್ಲ.

ಅಂದರೆ ಏನಾಯಿತು? ಒಂದೇ ರಸ್ತೆ. ಎಡಗಡೆ ಪಟ್ಟಣ ಪಂಚಾಯಿತಿ, ಬಲಗಡೆ ಗ್ರಾಮ ಪಂಚಾಯಿತಿ. ಎರಡೂ ಕಡೆ ಒಂದೇ ಥರದ ಮನೆ, ಒಂದೇ ಬೆಲೆ, ಎರಡೂ ಕಡೆಯವರು ಸಂತೆಗೆ ಹೋಗುವುದು ಒಂದೇ ಕಡೆ. ಎಡಗಡೆ ಕೊಂಡವರಿಗೆ 1.80 ಲಕ್ಷದ ಸಹಾಯ ಸಿಗಬಹುದು. ಬಲಗಡೆ ಕೊಂಡವರಿಗೆ ಇಲ್ಲ. ಬಲಗಡೆಯ ಜಾಗ ಯೋಜನಾ ಪ್ರದೇಶಕ್ಕೆ ಸೇರಿದ್ದರೆ ಅವರಿಗೂ ಸಿಗಬಹುದು. ಸೇರಿದೆಯೋ ಇಲ್ಲವೋ ಯಾರು ಹೇಳುತ್ತಾರೆ? ಪಂಚಾಯಿತಿಯಲ್ಲಿ ಕೇಳಿದರೆ ಯೋಜನಾ ಪ್ರಾಧಿಕಾರದವರನ್ನು ಕೇಳಿ ಅಂತಾರೆ. ಅಲ್ಲಿ ಸರ್ವೆ ನಂಬರ್ ತನ್ನಿ ಅಂತಾರೆ. ಗ್ರಾಮಠಾಣದ ಮನೆಗೆ ಸರ್ವೆ ನಂಬರು ಎಲ್ಲಿಂದ ತರೋದು?

ಗಡಿ ಸರಿದಾಡುವ ಊರುಗಳಲ್ಲಂತೂ ಇನ್ನೂ ಕಷ್ಟ. ಗ್ರಾಮ ಪಂಚಾಯಿತಿಯನ್ನು ಪಟ್ಟಣ ಪಂಚಾಯಿತಿ ಮಾಡಿದಾಗ ಬೋರ್ಡು ಬೇಗ ಬದಲಾಗುತ್ತದೆ, ದಾಖಲೆ ಬದಲಾಗುವುದಿಲ್ಲ. ಇ-ಸ್ವತ್ತಿನಿಂದ ಪಟ್ಟಣಗಳ ಖಾತೆ ವ್ಯವಸ್ಥೆಯಾದ ಇ-ಆಸ್ತಿಗೆ ಮಾಹಿತಿ ಹೋಗುವವರೆಗೆ ಇತ್ತ ನಮೂನೆ 9 ಕೊಡಲ್ಲ, ಅತ್ತ ಖಾತೆ ಕೊಡಲ್ಲ. ಹಾಗೆ ತ್ರಿಶಂಕು ಆದವರು ನನ್ನ ಸಹೋದ್ಯೋಗಿಗಳಲ್ಲೇ ಇದ್ದಾರೆ. ಮಂಜೂರಾದ ಸಾಲದ ಅವಧಿ ಮುಗಿದು ಮತ್ತೆ ಮೊದಲಿನಿಂದ ಅರ್ಜಿ ಹಾಕಿದರು.

ಜನಗಣತಿಯದ್ದೂ ಒಂದು ಪಾಲಿದೆ. ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ಹತ್ತು ಸಾವಿರಕ್ಕಿಂತ ಕಡಿಮೆ ಜನರಿರುವುದು ಗ್ರಾಮೀಣ ಕೇಂದ್ರ, ಹತ್ತು ಸಾವಿರದಿಂದ ಒಂದು ಲಕ್ಷದೊಳಗಿನದು ಅರೆನಗರ. ಎಣಿಕೆ ಮಾತ್ರ 2011ರದ್ದು. 2021ರ ಗಣತಿ ನಡೆಯಲೇ ಇಲ್ಲ, ಈಗ 2027ಕ್ಕೆ ಅಂತ ಗೊತ್ತುಮಾಡಿದ್ದಾರೆ. ಇಷ್ಟು ವರ್ಷದಲ್ಲಿ ನಮ್ಮ ಊರಿಗೆ ಎಷ್ಟು ಜನ ಬಂದರು, ಎಷ್ಟು ಬೀದಿ ಹುಟ್ಟಿದವು! ಹಳೆಯ ಎಣಿಕೆ ಇಟ್ಟುಕೊಂಡು ಯಾವ ಊರಿಗೆ ಏನು ಸಿಗಬೇಕು ಅಂತ ತೀರ್ಮಾನಿಸುವುದು ಸರಿಯಲ್ಲ.

ಬ್ಯಾಂಕಿನವರ ಜೊತೆ ಸ್ವಲ್ಪ ನೇರವಾಗಿ ಮಾತಾಡಬೇಕು. ಬ್ಯಾಂಕುಗಳು ತಮ್ಮ ಸಾಲದಲ್ಲಿ ಒಂದು ಪಾಲನ್ನು ಕೊಡಲೇಬೇಕಾದ ಆದ್ಯತಾ ವಲಯ ಅಂತ ಇದೆಯಲ್ಲ, 2025ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕು ಅದರ ಮಿತಿ ಏರಿಸಿದೆ. ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ 35 ಲಕ್ಷದವರೆಗಿನ ಮನೆ ಸಾಲ ಆದ್ಯತಾ ವಲಯಕ್ಕೆ ಸೇರುತ್ತದೆ, ಮನೆಯ ಬೆಲೆ 44 ಲಕ್ಷ ಮೀರದಿದ್ದರೆ ಸಾಕು. 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇಕಡ 90ರವರೆಗೂ ಕೊಡಬಹುದು. ಅಂದರೆ ನಮ್ಮ ಊರಿನ ಇಪ್ಪತ್ತು ಲಕ್ಷದ ಮನೆಗೆ ಸಾಲ ಕೊಟ್ಟರೆ ನಿಮ್ಮ ಗುರಿ ತಲುಪುವುದಕ್ಕೂ ಅನುಕೂಲ. ಹಾಗಿದ್ದೂ ಒಂದು ಬ್ಯಾಂಕು ನಮೂನೆ 9 ಇದ್ದರೆ ಸಾಕು ಅನ್ನುತ್ತದೆ, ಅದೇ ಬೀದಿಯ ಇನ್ನೊಂದು ಬ್ಯಾಂಕು ಪಂಚಾಯಿತಿ ಮನೆಗೆ ಕೊಡುವುದೇ ಇಲ್ಲ, ಪುರಸಭೆ ವ್ಯಾಪ್ತಿ ಇರಬೇಕು ಅನ್ನುತ್ತದೆ, ಮತ್ತೊಂದು ಮೂವತ್ತು ವರ್ಷದ ಮೂಲಪತ್ರ, ಮಂಜೂರು ನಕ್ಷೆ ಎರಡೂ ಬೇಕು ಅನ್ನುತ್ತದೆ. ಮೂವತ್ತು ವರ್ಷದ ಹಿಂದೆ ನಮ್ಮ ಊರಲ್ಲಿ ನಕ್ಷೆ ಮಂಜೂರು ಮಾಡಿಸಿ ಮನೆ ಕಟ್ಟಿದವರು ಎಷ್ಟು ಜನ ಇರಬಹುದು?

ಎಚ್ಚರಿಕೆ ಬೇಡ ಅಂತ ನಾನು ಹೇಳುತ್ತಿಲ್ಲ. ನೀವು ಕೊಡುವುದು ಠೇವಣಿ ಇಟ್ಟವರ ದುಡ್ಡು. ಕಾಗದ ಸರಿ ಇಲ್ಲದ ಮನೆ ಕೊಂಡು ನಾಳೆ ನಾವೇ ಕೋರ್ಟಿಗೆ ಅಲೆಯುವುದನ್ನು ನಿಮ್ಮ ವಕೀಲರ ತಪಾಸಣೆ ತಪ್ಪಿಸುತ್ತದೆ, ಅದಕ್ಕೆ ನಾನು ಋಣಿ. ನಾನು ಕೇಳುವುದು ಏನೇನು ನೋಡುತ್ತೀರಿ ಅಂತ ಮೊದಲೇ ಹೇಳಿ, ಬೇಡ ಅಂದರೆ ಯಾಕೆ ಅಂತ ಬರೆದುಕೊಡಿ. ಇದು ಹೊಸ ಬೇಡಿಕೆಯಲ್ಲ. ಸಾಲದ ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕು 2003ರ ಮಾರ್ಗಸೂಚಿಯಲ್ಲೇ ಹೇಳಿದೆ, 2007ರಲ್ಲಿ ಅದನ್ನು ಮೊತ್ತ ಎಷ್ಟೇ ಇರಲಿ ಎಲ್ಲ ಸಾಲಕ್ಕೂ ವಿಸ್ತರಿಸಿದೆ. ನಮಗೆ ಸಿಕ್ಕಿದ್ದು ಬಾಯಿಮಾತಿನ "ಆಗಲ್ಲ ಮೇಡಂ" ಮಾತ್ರ. ವಕೀಲರ ಅಭಿಪ್ರಾಯದ ಪ್ರತಿ ಕೇಳಿದಾಗ, ಅದು ಬ್ಯಾಂಕಿನ ಕಾಗದ ಅಂದರು. ದುಡ್ಡು ಕೊಟ್ಟವರು ನಾವು. ನಾವು ಒತ್ತಾಯ ಮಾಡಿದ ಮೇಲೆ ಓದಿ ನೋಡಲು ಕೊಟ್ಟರು. ಆ ಪ್ರತಿ ಕೈಗೆ ಸಿಕ್ಕಿದ್ದರೆ ಅದೇ ಬೀದಿಯ ಮುಂದಿನ ಮನೆ ನೋಡುವಾಗ ಏನು ಕೇಳಬೇಕು ಅಂತ ನಮಗೆ ತಿಳಿಯುತ್ತಿತ್ತು.

ಬ್ಯಾಂಕು ಬೇಡ ಅಂದಮೇಲೆ ಜನ ಸುಮ್ನೆ ಕೂರುವುದಿಲ್ಲ ಅನ್ನುವುದೂ ನೆನಪಿರಲಿ. ಮನೆ ಬೇಕೇ ಬೇಕು ಅನ್ನುವವರು ಒಡವೆ ಅಡ ಇಡುತ್ತಾರೆ, ಚೀಟಿ ಎತ್ತುತ್ತಾರೆ, ಕಾಗದ ಹೆಚ್ಚು ಕೇಳದ ಖಾಸಗಿ ಫೈನಾನ್ಸಿಗೆ ಹೋಗುತ್ತಾರೆ, ಜಾಸ್ತಿ ಬಡ್ಡಿ ಕಟ್ಟುತ್ತಾರೆ. ಅಲ್ಲೂ ಸಾಲದಿದ್ದರೆ ಸಂಘದ ಸಾಲ, ಒಂದರ ಮೇಲೊಂದು. ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು, ಒಳ್ಳೆಯ ಕೆಲಸ. ಜೊತೆಗೆ, ಸಂಬಳ ಬರುವ, ಕಂತು ಕಟ್ಟಬಲ್ಲ ಜನರೂ ಆ ಬಾಗಿಲಿಗೆ ಯಾಕೆ ಹೋಗುತ್ತಿದ್ದಾರೆ ಅಂತಲೂ ನೋಡಿ.

ಇದರ ಮೇಲೆ ನೋಂದಣಿ ಖರ್ಚು ಬೇರೆ. ಮುದ್ರಾಂಕ ಶುಲ್ಕ ಶೇಕಡ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡ 1ರಿಂದ 2ಕ್ಕೆ ಏರಿತು. ಮನೆಯ ಬೆಲೆ ಹತ್ತು ಲಕ್ಷ ಮೀರಿದರೆ ಈ ಖರ್ಚನ್ನು ಬ್ಯಾಂಕು ಸಾಲದ ಲೆಕ್ಕಕ್ಕೆ ಸೇರಿಸುವುದಿಲ್ಲ, ಕೈಯಿಂದಲೇ ಹಾಕಬೇಕು. ಮಾರುವವರು "ಸರ್ಕಾರಿ ಬೆಲೆಗೆ ನೋಂದಣಿ ಮಾಡಿಸಿ, ಉಳಿದದ್ದು ಕ್ಯಾಶ್ ಕೊಡಿ" ಅಂದರಂತೂ ಮುಗಿಯಿತು, ಕಾಗದದ ಮೇಲಿನ ಬೆಲೆಗಷ್ಟೇ ಸಾಲ. ಸಂಬಳದಾರರ ಹತ್ತಿರ ಅಷ್ಟು ನಗದು ಎಲ್ಲಿರುತ್ತೆ?

ಸ್ವಾಮಿತ್ವ ಯೋಜನೆಯ ಬಗ್ಗೆ ನನಗೆ ನಿಜವಾಗಿ ಆಸೆ ಇತ್ತು, ಈಗಲೂ ಇದೆ. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಅದನ್ನು ಶುರು ಮಾಡಿದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಹಳ್ಳಿಯ ಮನೆಗಳನ್ನು ಡ್ರೋನಿನಿಂದ ಅಳೆದು ಮಾಲೀಕರಿಗೆ ಹಕ್ಕಿನ ಕಾರ್ಡು ಕೊಡುವುದು, ಆ ಕಾರ್ಡಿನ ಮೇಲೆ ಬ್ಯಾಂಕ್ ಸಾಲ ಸಿಗುವ ಹಾಗೆ ಮಾಡುವುದು ಅದರ ಉದ್ದೇಶ ಅಂತಲೇ ಹೇಳಿದ್ದರು. 2025ರ ಜನವರಿ 18ರಂದು ದೇಶದಲ್ಲಿ ಒಂದೇ ದಿನ 65 ಲಕ್ಷ ಕಾರ್ಡು ವಿತರಣೆ ಆಯಿತು. ಅಡಿ ಮೀಟರಿನ ಜಗಳ, ಚಕ್ಕುಬಂದಿಯ ಜಗಳ ಅರ್ಧಕ್ಕರ್ಧ ಮುಗಿಯುವುದೇ ಇಂಥ ಅಳತೆಯಿಂದ. ಆದರೆ ನಮ್ಮ ಕಡೆಯ ಬ್ಯಾಂಕ್ ಶಾಖೆಯಲ್ಲಿ ಆ ಕಾರ್ಡಿನ ಬಗ್ಗೆ ಕೇಳಿದಾಗ, ಅದಕ್ಕೆ ನಮಗೆ ಸೂಚನೆ ಬಂದಿಲ್ಲ ಅಂದರು. ಬ್ಯಾಂಕರುಗಳ ಸಮಿತಿಯವರೇ, ಇದು ನಿಮ್ಮ ಸಭೆಯ ಮೇಜಿನ ಮೇಲೆ ಬರಬೇಕಾದ ವಿಷಯ. ಕಾರ್ಡನ್ನು ಒಪ್ಪುತ್ತೀರಾ, ಒಪ್ಪಿದರೆ ಜೊತೆಗೆ ಇನ್ನೇನು ಬೇಕು, ಒಪ್ಪದಿದ್ದರೆ ಅದರಲ್ಲಿ ಏನು ಕೊರತೆ ಅಂತ ಪ್ರತಿ ಶಾಖೆಗೂ ಒಂದು ಸುತ್ತೋಲೆ ಕಳಿಸಿ, ಅದನ್ನು ಕನ್ನಡದಲ್ಲಿ ಗೋಡೆಗೆ ಅಂಟಿಸಿ.

ಅಮೆರಿಕದಲ್ಲಿರುವ ನಮ್ಮ ಸೋದರತ್ತೆ ಮಗ ಮನೆ ಕೊಳ್ಳುವಾಗ ನನಗೆ ಒಂದು ಜಾಲತಾಣ ತೋರಿಸಿದ. ಅಲ್ಲಿನ ಕೃಷಿ ಇಲಾಖೆ ಹಳ್ಳಿಗಳ ಮತ್ತು ಸಣ್ಣ ಊರುಗಳ ಮನೆ ಸಾಲಕ್ಕೆ ಖಾತರಿ ನಿಲ್ಲುತ್ತದಂತೆ. ಇಲಾಖೆಯದೇ ಒಂದು ನಕ್ಷೆ ಇದೆ. ಮನೆಯ ವಿಳಾಸ ಬರೆದರೆ ಆ ಜಾಗ ಯೋಜನೆಗೆ ಸೇರುತ್ತೋ ಇಲ್ವೋ ಅಂತ ತಕ್ಷಣ ತೋರಿಸುತ್ತದೆ. ಆದಾಯದ ಮಿತಿ ಎಷ್ಟು ಅನ್ನುವುದನ್ನೂ ಅಲ್ಲೇ ನೋಡಬಹುದು. ಮನೆಯ ಕಾಗದದ ತಪಾಸಣೆ ಅಲ್ಲೂ ಬೇರೆಯೇ ನಡೆಯುತ್ತದೆ, ಆದರೆ ಯಾವ ಊರಲ್ಲಿ ಹುಡುಕಬೇಕು ಅನ್ನುವುದು ಮನೆ ನೋಡಲು ಹೊರಡುವ ಮೊದಲೇ ಗೊತ್ತಿರುತ್ತದೆ.

ನಮಗೆ ಅಂಥದ್ದು ಮಾಡುವುದು ಕಷ್ಟವೇ? ನಮ್ಮ ಹತ್ತಿರ ಏನೇನಿದೆ ನೋಡಿ. ದಿಶಾಂಕ್ ಆ್ಯಪ್ ತೆರೆದು ಜಾಗದಲ್ಲಿ ನಿಂತರೆ ಸರ್ವೆ ನಂಬರ್ ಬರುತ್ತದೆ. ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ಪಹಣಿ ಇದೆ. ಇ-ಸ್ವತ್ತಿನಲ್ಲಿ ನಮೂನೆ 9, 11 ನೋಡಬಹುದು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ ತೆಗೆಯಬಹುದು. ಡ್ರೋನ್ ಅಳತೆ ನಡೆದಿದೆ. ಬೇರೆ ಯಾವ ವಿಷಯದಲ್ಲೂ ನಮ್ಮ ರಾಜ್ಯದಲ್ಲಿ ಇಷ್ಟೊಂದು ಮಾಹಿತಿ ಕಂಪ್ಯೂಟರಿಗೆ ಬಂದಿಲ್ಲವೇನೋ. ಆದರೆ ಒಂದೊಂದಕ್ಕೂ ಒಂದೊಂದು ಜಾಲತಾಣ, ಒಂದೊಂದು ಲಾಗಿನ್, ಒಂದೊಂದು ಭಾಷೆ. ಎಲ್ಲವನ್ನೂ ಕೂಡಿಸಿ ಓದಲು ಗೊತ್ತಿರುವವರು ದಲ್ಲಾಳಿಗಳು ಮಾತ್ರ. ಅವರಿಗೆ ಎಲ್ಲ ಗೊತ್ತಿರುತ್ತದೆ, ಮುಂಗಡ ಕೊಡುವವರೆಗೆ ಹೇಳುವುದಿಲ್ಲ.

ದಿಶಾಂಕ್‌ನಲ್ಲೇ ಇನ್ನು ಮೂರು ಗೆರೆ ತೋರಿಸಿ: ಗ್ರಾಮಠಾಣದ ಗಡಿ, ಪಟ್ಟಣ ಸಂಸ್ಥೆಯ ಗಡಿ, ಯೋಜನಾ ಪ್ರದೇಶದ ಗಡಿ. ಮನೆ ಮುಂದೆ ನಿಂತು ಮೊಬೈಲ್ ನೋಡಿದರೆ ಈ ಮನೆ ಯಾವ ಗೆರೆಯೊಳಗೆ ಇದೆ, ಯಾವ ಸಹಾಯಧನಕ್ಕೆ ಸೇರುತ್ತದೆ ಅಂತ ತಿಳಿಯಬೇಕು. ಇ-ಸ್ವತ್ತಿನಲ್ಲಿ ಸ್ವತ್ತಿನ ಸಂಖ್ಯೆ ಹಾಕಿದಾಗ ಬರೀ ನಮೂನೆ ತೋರಿಸಿದರೆ ಸಾಲದು. ಈ ಸ್ವತ್ತು ಯಾವ ಆಧಾರದ ಮೇಲೆ ದಾಖಲಾಗಿದೆ, ಗ್ರಾಮಠಾಣವೋ, ಪರಿವರ್ತನೆಯೋ, ಹಕ್ಕುಪತ್ರವೋ, ಮಾರಾಟಕ್ಕೆ ಷರತ್ತು ಇದೆಯೋ, ಅಳತೆ ನಕ್ಷೆ ಜೊತೆಗಿದೆಯೋ ಅಂತ ಸರಳ ಕನ್ನಡದಲ್ಲಿ ನಾಲ್ಕು ಸಾಲು ಬರಲಿ. ಮಾಲೀಕರ ಫೋನ್ ನಂಬರ್, ಆಧಾರ್ ಇವೆಲ್ಲ ಯಾರಿಗೂ ಕಾಣುವುದು ಬೇಡ. ಸ್ವತ್ತಿನ ಸ್ಥಿತಿ ಕಂಡರೆ ಸಾಕು.

11ಬಿ ಮನೆಗಳ ವಿಷಯದಲ್ಲಿ ಏನಾದರೂ ದಾರಿ ಮಾಡಲೇಬೇಕು. 2025ರಲ್ಲಿ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಸ್ವತ್ತುಗಳನ್ನೂ ತೆರಿಗೆ ವ್ಯಾಪ್ತಿಗೆ ತಂದಿರಿ. ತೆರಿಗೆ ಕಟ್ಟುವುದಕ್ಕೆ ನಮ್ಮ ತಕರಾರಿಲ್ಲ. ಆದರೆ ಹತ್ತಾರು ವರ್ಷದಿಂದ ಜನ ಬಾಳುತ್ತಿರುವ, ರಸ್ತೆ ಚರಂಡಿ ಇರುವ ಬೀದಿಗಳಿಗೆ ಗ್ರಾಮಠಾಣವನ್ನೇ ವಿಸ್ತರಿಸಿ. ಮನೆ ಮನೆಯವರೂ ಒಬ್ಬೊಬ್ಬರೇ ಪರಿವರ್ತನೆಗೆ ಅಲೆಯುವ ಬದಲು ಬೀದಿಯನ್ನೇ ಒಟ್ಟಿಗೆ ಅಳೆದು, ನ್ಯಾಯವಾದ ಶುಲ್ಕ ಕಟ್ಟಿಸಿಕೊಂಡು, ನಮೂನೆ 9 ಕೊಡಿ. ಕೆರೆ ಅಂಗಳ, ರಾಜಕಾಲುವೆ, ಗೋಮಾಳ ಒತ್ತುವರಿ ಮಾಡಿದ್ದನ್ನು ಸಕ್ರಮ ಮಾಡಿ ಅಂತ ನಾನು ಕೇಳುತ್ತಿಲ್ಲ. ದುಡ್ಡು ಕೊಟ್ಟು ಕೊಂಡು, ನೋಂದಣಿ ಮಾಡಿಸಿ, ಕಂದಾಯ ಕಟ್ಟಿಕೊಂಡು ಬಂದವರ ಬಗ್ಗೆ ಮಾತಾಡುತ್ತಿದ್ದೇನೆ.

ಇನ್ನು ರಸ್ತೆಗೋ ಚರಂಡಿಗೋ ಜಾಗ ತೆಗೆದುಕೊಂಡ ಇಲಾಖೆಯೇ ಆ ಮನೆಗಳ ಅಳತೆ ತಿದ್ದಿ ಪಂಚಾಯಿತಿಗೆ ಕಳಿಸಬೇಕು. ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿ ಆಗುವ ದಿನಕ್ಕೆ ದಾಖಲೆಗಳೂ ಸಿದ್ಧವಿರಬೇಕು, ಅಲ್ಲಿಯವರೆಗೆ ಹಳೆಯ ನಮೂನೆಯೇ ನಡೆಯುತ್ತದೆ ಅಂತ ಬ್ಯಾಂಕುಗಳಿಗೆ ಲಿಖಿತ ಸೂಚನೆ ಹೋಗಬೇಕು.

ಮನೆ ನೋಡುತ್ತಿರುವ ನನ್ನಂಥವರಿಗೂ ಒಂದು ಮಾತು. ಇವೆಲ್ಲ ಆಗುವವರೆಗೆ ಮುಂಗಡ ಕೊಡುವ ಮೊದಲು ನಮೂನೆ 9 ಮತ್ತು 11ಎ ಇದೆಯಾ ಅಂತ ಇ-ಸ್ವತ್ತಿನಲ್ಲಿ ನೀವೇ ನೋಡಿ, ಮಾಲೀಕರು ತೋರಿಸುವ ಜೆರಾಕ್ಸ್ ನಂಬಿ ಕೂರಬೇಡಿ. ಕ್ರಯಪತ್ರದ ಅಳತೆ, ನಮೂನೆಯ ಅಳತೆ, ಜಾಗದ ಅಳತೆ ಮೂರನ್ನೂ ಟೇಪು ಹಿಡಿದು ಹೋಲಿಸಿ. ಸಾಲ ಮಂಜೂರಾಗದಿದ್ದರೆ ಮುಂಗಡ ಪೂರ್ತಿ ವಾಪಸ್ ಅಂತ ಕರಾರು ಪತ್ರದಲ್ಲಿ ಬರೆಸಿ. ಮಾರುವವರು ಮುಖ ಗಂಟು ಹಾಕಿಕೊಳ್ಳುತ್ತಾರೆ, ಆದರೂ ಬರೆಸಿ. ಬ್ಯಾಂಕು ಬೇಡ ಅಂದರೆ ಕಾರಣ ಬರೆದುಕೊಡಿ ಅಂತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಸಚಿವರೇ, ಸಮಿತಿಯವರೇ, ಈ ಪತ್ರವನ್ನು ನಿಮ್ಮ ಕಚೇರಿಗಳಿಗೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸುತ್ತಿದ್ದೇನೆ, ನಾವು ನೋಡಿದ ಮನೆಗಳ ಕಾಗದಗಳ ನಕಲು ಸಮೇತ, ಮಾಲೀಕರ ಹೆಸರು ಮರೆಮಾಡಿ. ದಿಶಾಂಕ್‌ನಲ್ಲಿ ಆ ಮೂರು ಗೆರೆ ಯಾವಾಗ ಬರುತ್ತದೆ, ಸ್ವಾಮಿತ್ವ ಕಾರ್ಡನ್ನು ಬ್ಯಾಂಕುಗಳು ಒಪ್ಪುತ್ತವಾ, ಗ್ರಾಮಠಾಣ ವಿಸ್ತರಣೆಗೆ ನಮ್ಮ ಹೋಬಳಿಯನ್ನು ಸೇರಿಸುತ್ತೀರಾ? ಈ ಮೂರಕ್ಕೆ ಉತ್ತರ ಬೇಕು. ಬಂದ ಉತ್ತರವನ್ನು ಇದೇ ರೀತಿ ಬಹಿರಂಗವಾಗಿ ಹಾಕುತ್ತೇನೆ, ಮನೆ ಹುಡುಕುತ್ತಿರುವ ಬೇರೆಯವರಿಗೂ ಉಪಯೋಗವಾಗಲಿ ಅಂತ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಸರ್ಕಾರಿ ಶಾಲಾ ಶಿಕ್ಷಕಿ
ತುಮಕೂರು ಜಿಲ್ಲೆ